ಉಳದವಳ ಗದ್ದೆ

'ಉಳುವವನೇ ಹೊಲದೊಡೆಯ' ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ೧೯೭೪ರ ಮಾರ್ಚ್ ೧ರಂದು ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದಾಗ ಗೇಣಿದಾರರ ಪಾಲಿಗೆ ಅದು ಬಿಡುಗಡೆಯ ಮಂತ್ರವಾಯಿತು. ಆ ಕಾನೂನಿನಿಂದ ನಾಡಿಗೆ ಆದ ಒಳಿತನ್ನು ಯಾರೂ ಅಲ್ಲಗಳೆಯಲಾರರು. ಆದರೂ ತರಗತಿಯಲ್ಲಿ ವ್ಯಾಕರಣ ಹೇಳಿಕೊಡುವವರ ಕಿವಿಗೆ ಆ ಮಾತಿನಲ್ಲಿ ಒಂದು ಅಂಶ ತಾಕದೆ ಇರದು. 'ಉಳುವವನು' ಎಂಬುದು ಪುಲ್ಲಿಂಗ. ಲಿಂಗ ಇಲ್ಲಿ ಬರಿಯ ಮಾತಿನ ಅನುಕೂಲ, 'ಮನುಷ್ಯನು' ಎಂದಾಗ ಹೆಂಗಸರೂ ಸೇರುವಂತೆ ಇಲ್ಲಿಯೂ ಸೇರಿಯೇ ಇದ್ದಾರೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಈ ಸಮಾಧಾನ ಬಹಳ ಹೊತ್ತು ನಿಲ್ಲುವುದಿಲ್ಲ. ಏಕೆಂದರೆ ನಮ್ಮ ನಾಡಿನ ಬಹುಪಾಲು ಕಡೆ ಹೆಣ್ಣು ನೇಗಿಲು ಮುಟ್ಟಬಾರದೆಂಬ ಕಟ್ಟುಪಾಡು ತಲೆತಲಾಂತರದಿಂದ ನಡೆದುಬಂದದ್ದು. ಅವಳು ಬಿತ್ತನೆಯ ಬೀಜ ಹಸನು ಮಾಡಬಹುದು, ನಾಟಿ ಹಾಕಬಹುದು, ಕಳೆ ಕೀಳಬಹುದು, ಕುಯ್ಯಬಹುದು, ಕಣದಲ್ಲಿ ತೂರಬಹುದು, ಮುಂದಿನ ವರ್ಷದ ಬೀಜವನ್ನು ಬೂದಿ ಬೆರೆಸಿ ಕಾಪಾಡಬಹುದು, ಉಳಬಾರದು. ಬೇಸಾಯದ ಇಪ್ಪತ್ತು ಕೆಲಸಗಳಲ್ಲಿ ಅವಳಿಗೆ ಸಲ್ಲದ ಒಂದನ್ನೇ ಆರಿಸಿ, ಆ ಒಂದನ್ನು ಮಾಡುವವನೇ ಬೇಸಾಯಗಾರನೆಂದು ನಾವು ಹೆಸರಿಟ್ಟುಬಿಟ್ಟೆವು.

ಕೆಲಸಕ್ಕೆ ಹೆಸರಿಡುವ ಅಧಿಕಾರ ಯಾರ ಕೈಯಲ್ಲಿದೆಯೋ ಫಲವೂ ಅವರ ಕೈಗೇ ಹೋಗುತ್ತದೆ. ಇದು ಒಂದು ನಾಡಿನ ಮಾತಲ್ಲ. ನೇಗಿಲಿನ ನಾಡುಗಳಲ್ಲಿ ಈ ಸಂಗತಿ ಬಹು ಹಳೆಯದಾದುದರಿಂದ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನೇಗಿಲು ಇಲ್ಲದ, ಗುದ್ದಲಿಯಲ್ಲೇ ಬೇಸಾಯ ನಡೆಯುತ್ತಿದ್ದ, ಹೆಣ್ಣಿಗೆ ತನ್ನದೇ ಗದ್ದೆಯೆಂಬುದು ಇದ್ದ ಒಂದು ನಾಡಿನಲ್ಲಿ ಹೆಸರಿಡುವ ಅಧಿಕಾರ ಹೇಗೆ ಕೈ ಬದಲಾಯಿಸಿತೆಂಬುದನ್ನು ನೋಡಿದರೆ ನಮ್ಮದೂ ಕಣ್ಣಿಗೆ ಬಿದ್ದೀತು. ಪಶ್ಚಿಮ ಆಫ್ರಿಕದ ಗ್ಯಾಂಬಿಯ ಅಂಥ ನಾಡು. ಅಲ್ಲಿ ನಡೆದದ್ದು ಎಂದೋ ಪುರಾಣಕಾಲದಲ್ಲಲ್ಲ. ನಮ್ಮ ಜನರ ನೆನಪಿನೊಳಗಿನ ಕಾಲದಲ್ಲಿ, ಕಾಗದಪತ್ರಗಳ ಸಾಕ್ಷಿಯಲ್ಲಿ.

ಗುದ್ದಲಿಯ ನಾಡು, ನೇಗಿಲಿನ ನಾಡು ಎಂಬ ಈ ಭೇದವನ್ನು ಲೋಕದ ಗಮನಕ್ಕೆ ತಂದವರು ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ತರ್ ಬೋಸರಪ್. ಆಕೆಗೂ ನಮ್ಮ ದೇಶಕ್ಕೂ ನಂಟುಂಟು. ಗುನ್ನಾರ್ ಮಿರ್ಡಾಲ್ ಅವರು ಏಷ್ಯದ ಬಡತನವನ್ನು ಕುರಿತು ನಡೆಸುತ್ತಿದ್ದ ದೊಡ್ಡ ಅಧ್ಯಯನಕ್ಕಾಗಿ ಆಕೆ ೧೯೫೭ರಿಂದ ಕೆಲವು ವರ್ಷ ಭಾರತದಲ್ಲಿದ್ದರು. ಆಮೇಲೆ ಆಫ್ರಿಕವನ್ನೂ ಕಂಡರು. ೧೯೭೦ರಲ್ಲಿ ಆರ್ಥಿಕಾಭಿವೃದ್ಧಿಯಲ್ಲಿ ಹೆಂಗಸರ ಪಾತ್ರವನ್ನು ಕುರಿತು ಅವರು ಬರೆದ ಪುಸ್ತಕ ಬಂತು. ಹೊಲ ಬದಲಿಸುತ್ತ ಗುದ್ದಲಿಯಿಂದ ಬೇಸಾಯ ಮಾಡುವ ಕಡೆ ಆಹಾರದ ಬೆಳೆಯ ಹೆಚ್ಚಿನ ಹೊಣೆ ಹೆಣ್ಣಿನದು. ಎತ್ತು ನೇಗಿಲು ಬಂದ ಕಡೆ ಹೊಲ ಗಂಡಸಿನದು. ಯುರೋಪಿನಿಂದ ಬಂದ ಅಧಿಕಾರಿಗಳು ತಮ್ಮ ಊರಿನ ರೂಢಿಯನ್ನೇ ಲೋಕದ ರೂಢಿಯೆಂದು ತಿಳಿದು, ಹೆಣ್ಣು ಬೆಳೆಯುತ್ತಿದ್ದ ಕಡೆಯಲ್ಲಿಯೂ ಹೊಸ ಬೀಜ, ಹೊಸ ಉಪಕರಣ, ಹೊಸ ತಿಳಿವಳಿಕೆ ಎಲ್ಲವನ್ನೂ ಗಂಡಸಿಗೇ ಕೊಟ್ಟರು. ಇದು ಆಕೆಯ ವಾದದ ತಿರುಳು. ಇಷ್ಟು ದೊಡ್ಡ ಭೂಭಾಗಗಳನ್ನು ಒಂದೇ ಸೂತ್ರದಲ್ಲಿ ಕಟ್ಟುವುದು ಸಲ್ಲದೆಂದು ಮುಂದಿನ ವಿದ್ವಾಂಸರು ಆಕ್ಷೇಪಿಸಿದರು. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಗ್ಯಾಂಬಿಯದ ಮಟ್ಟಿಗೆ ಆಕೆಯ ಮಾತು ಅಕ್ಷರಶಃ ನಡೆದುಹೋಯಿತು.

ಗ್ಯಾಂಬಿಯ ಎಂದರೆ ಒಂದು ನದಿ, ಅದರ ಎರಡು ದಡ, ಅಷ್ಟೇ ದೇಶ. ಸಮುದ್ರದಿಂದ ಒಳನಾಡಿನವರೆಗೆ ಒಂದು ಪಟ್ಟಿಯಂತೆ ಚಾಚಿಕೊಂಡಿರುವ ಈ ನಾಡು ವಿಸ್ತೀರ್ಣದಲ್ಲಿ ನಮ್ಮ ಒಂದು ದೊಡ್ಡ ಜಿಲ್ಲೆಯಷ್ಟು. ೧೯೬೫ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಅಲ್ಲಿನ ಜನಗಳಲ್ಲಿ ಸಂಖ್ಯೆಯಲ್ಲಿ ಮುಂದಾದವರು ಮಂಡಿಂಕರು. ನದಿಯ ಅಂಚಿನ ಜೌಗುನೆಲದಲ್ಲಿ ಭತ್ತ. ದಿಣ್ಣೆಯ ಮೇಲೆ ಸಜ್ಜೆ, ಜೋಳ, ಕಡಲೆಕಾಯಿ. ಅಕ್ಕಿ ಅವರಿಗೆ ಹೊರಗಿನಿಂದ ಬಂದ ಧಾನ್ಯವಲ್ಲ. ನಾವು ಉಣ್ಣುವ ಏಷ್ಯದ ಭತ್ತವಲ್ಲದೆ ಇನ್ನೊಂದು ಭತ್ತವೂ ಲೋಕದಲ್ಲಿದೆ. ಅದನ್ನು ಪಶ್ಚಿಮ ಆಫ್ರಿಕದವರು ತಾವೇ ಕಾಡುಹುಲ್ಲಿನಿಂದ ಪಳಗಿಸಿದರು. ನೈಜರ್ ನದಿಯ ಒಳಮುಖಜಭೂಮಿಯಲ್ಲಿ ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಅದು ಬೆಳೆಯಾಯಿತೆಂದು ಪಂಡಿತರ ಅಭಿಪ್ರಾಯ. ಯಾವ ಜೌಗಿನಲ್ಲಿ ಉಪ್ಪು ಎಂದು ಇಳಿಯುತ್ತದೆ, ಯಾವ ಭತ್ತ ಎಷ್ಟು ನೀರು ತಡೆಯುತ್ತದೆ, ಉಬ್ಬರದ ನೀರು ಯಾವ ತಿಂಗಳಲ್ಲಿ ಸಿಹಿಯಾಗುತ್ತದೆ ಎಂಬ ಲೆಕ್ಕವೆಲ್ಲ ಮಂಡಿಂಕ ಹೆಂಗಸರ ನಾಲಗೆಯ ತುದಿಯಲ್ಲಿತ್ತು. ಬೀಜ ಆರಿಸುವವರು ಅವರು, ಸಸಿ ಹಾಕುವವರು ಅವರು, ಮಂಡಿಯುದ್ದ ಕೆಸರಿನಲ್ಲಿ ನಾಟಿ ಮಾಡುವವರು ಅವರು, ಕೊನೆಗೆ ಒರಳಿನಲ್ಲಿ ಒನಕೆಯಿಂದ ಕುಟ್ಟಿ ಅಕ್ಕಿ ಮಾಡುವವರೂ ಅವರೇ.

ಈಗ ಎರಡು ಮಂಡಿಂಕ ಮಾತುಗಳನ್ನು ವಾಚಕರು ದಯಮಾಡಿ ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅವುಗಳ ಮೇಲೆ ನಿಂತಿದೆ. ಒಂದು 'ಮರುವೊ', ಇನ್ನೊಂದು 'ಕಮನ್ಯಾಂಗೊ'. ಮರುವೊ ಎಂದರೆ ಮನೆತನದ ಹೊಲ. ಅಲ್ಲಿ ಮನೆಯವರೆಲ್ಲ ದುಡಿಯಬೇಕು. ಬಂದ ಬೆಳೆ ಮನೆಯ ಊಟಕ್ಕೆ. ಅದನ್ನು ಹಂಚುವ ಅಧಿಕಾರ ಯಜಮಾನನದು. ಕಮನ್ಯಾಂಗೊ ಎಂದರೆ ಸ್ವಂತದ ಹೊಲ. ಮರುವೊದಲ್ಲಿ ದುಡಿದುದಕ್ಕೆ ಪ್ರತಿಯಾಗಿ ಮನೆಯ ಹೆಣ್ಣಿಗೂ ಕಿರಿಯ ಗಂಡಿಗೂ ಇಂಥ ತುಂಡುನೆಲ ಸಿಗುವುದು ಪದ್ಧತಿ. ಅದರ ಬೆಳೆ ಬೆಳೆದವರದೇ. ಮಾರಬಹುದು, ಮಗಳ ಮದುವೆಗೆ ಇಡಬಹುದು, ಯಾರನ್ನೂ ಕೇಳಬೇಕಾದುದಿಲ್ಲ. ಮತ್ತೂ ಒಂದು ಕಟ್ಟಳೆಯಿತ್ತು: ಜೌಗುನೆಲವನ್ನು ತಾನೇ ಸವರಿ ಹಸನು ಮಾಡಿದ ಹೆಂಗಸಿಗೆ ಆ ನೆಲದ ಮೇಲೆ ತನ್ನದೇ ಹಕ್ಕು. ಅದು ತಾಯಿಯಿಂದ ಮಗಳಿಗೆ ಇಳಿದು ಬರುವುದೂ ಉಂಟು. ನಮ್ಮ ಸ್ತ್ರೀಧನವನ್ನು ಕಾಸಿನ ಸರ, ಬಳೆಗಳಲ್ಲಿ ಮಾತ್ರ ಕಂಡವರಿಗೆ ಗದ್ದೆಯ ರೂಪದ ಸ್ತ್ರೀಧನ ವಿಶೇಷವಾಗಿ ತೋರೀತು.

ಹಾಗಾದರೆ ಅದು ಹೆಂಗಸರ ಸ್ವರ್ಗವಾಗಿತ್ತೆ? ಹಾಗೆ ಹೇಳಿದರೆ ಚರಿತ್ರೆಗೆ ಅಪಚಾರವಾಗುತ್ತದೆ. ಮರುವೊದ ದುಡಿಮೆಯೂ ಅವಳದೇ, ಮನೆಯ ನೀರು ಸೌದೆ ಅಡಿಗೆಯೂ ಅವಳದೇ. ಅದಲ್ಲದೆ 'ಭತ್ತ ಹೆಣ್ಣಿನದು, ಕಡಲೆಕಾಯಿ ಗಂಡಿನದು' ಎಂಬ ಕಟ್ಟುನಿಟ್ಟಾದ ವಿಭಾಗವೂ ಅನಾದಿಯದಲ್ಲ. ಹಿಂದೆ ಆಹಾರದ ಬೆಳೆಯಲ್ಲಿ ಗಂಡಸರ ಕೈಯೂ ಸಾಕಷ್ಟು ಸೇರುತ್ತಿತ್ತು. ೧೮೩೦ರ ದಶಕದಲ್ಲಿ ಗ್ಯಾಂಬಿಯದ ಕಡಲೆಕಾಯಿ ಹಡಗು ಹತ್ತಲು ತೊಡಗಿತು. ಯುರೋಪಿನ ಸಾಬೂನಿಗೂ ಎಣ್ಣೆಗೂ ಅದು ಬೇಕಾಗಿತ್ತು. ಕೈಗೆ ಕಾಸು ಬರುವ ಬೆಳೆಯತ್ತ ಗಂಡಸರು ಸರಿದರು. ಊಟದ ಬೆಳೆಯ ಭಾರ ಜೌಗಿಗೆ, ಎಂದರೆ ಹೆಣ್ಣಿಗೆ, ಸರಿಯಿತು. ಅಕ್ಕಿ ಬೆಳೆಯುವ ನಾಡು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೊರಗಿನಿಂದ ಅಕ್ಕಿ ತರಿಸತೊಡಗಿತು. ಹಳೆಯ ಆಚಾರವೆಂದು ನಾವು ಕೈಮುಗಿಯುವ ಎಷ್ಟೋ ಕಟ್ಟಳೆಗಳ ಬೇರನ್ನು ಅಗೆದು ನೋಡಿದರೆ ಯಾವುದೋ ಪೇಟೆಯ ದರದ ಪಟ್ಟಿ ಸಿಗುತ್ತದೆ. ಮಂಡಿಂಕರ ಭತ್ತದ ಕಟ್ಟಳೆಯೂ ಆ ಜಾತಿಯದು.

ಇಪ್ಪತ್ತನೆಯ ಶತಮಾನದ ನಡುವಿಗೆ ಬರೋಣ. ಎರಡನೆಯ ಮಹಾಯುದ್ಧದ ಸುಮಾರಿನಲ್ಲಿ ಅಕ್ಕಿಯ ಆಮದಿಗೆ ಅಡ್ಡಿಯಾಗಲು, ಬ್ರಿಟಿಷ್ ಸರ್ಕಾರ ಊರಿನ ಭತ್ತವನ್ನೇ ಹೆಚ್ಚಿಸಲು ಮನಸ್ಸು ಮಾಡಿತು. ದೂರದ ಜೌಗುಗಳಿಗೆ ಹೆಂಗಸರು ನಡೆದುಹೋಗುವಂತೆ ಏರಿಗಳನ್ನೂ ಕಾಲುಸೇತುವೆಗಳನ್ನೂ ಕಟ್ಟಿಸಿತು. ದೊಡ್ಡ ಯಂತ್ರವಿಲ್ಲ, ದೊಡ್ಡ ಸಾಲವಿಲ್ಲ; ದಾರಿ ಮಾಡಿಕೊಟ್ಟದ್ದಷ್ಟೆ. ಹೆಂಗಸರು ಹೋಗಿ ಹೊಸ ನೆಲ ಸವರಿದರು, ಸವರಿದ ನೆಲವನ್ನು ಕಮನ್ಯಾಂಗೊ ಎಂದು ಕರೆದುಕೊಂಡರು. ಕೃಷಿಯ ಅಭಿವೃದ್ಧಿಯ ಹೆಸರಿನಲ್ಲಿ ಆ ನಾಡಿನಲ್ಲಿ ನಡೆದ ಕೆಲಸಗಳಲ್ಲಿ ಇದು ಅತ್ಯಂತ ಸರಳವಾದುದು, ಫಲಿಸಿದ್ದೂ ಹೌದು.

ಆಮೇಲೆ ದೊಡ್ಡ ಯೋಜನೆಗಳ ಕಾಲ ಬಂತು. ೧೯೪೯ರಲ್ಲಿ ಬ್ರಿಟಿಷರ ವಸಾಹತು ಅಭಿವೃದ್ಧಿ ನಿಗಮ ವಲ್ಲಿಕುಂಡ ಎಂಬಲ್ಲಿ ನೀರಾವರಿಯ ದೊಡ್ಡ ಭತ್ತದ ಫಾರಮ್ಮನ್ನು ತೊಡಗಿತು. ಕೆಲವೇ ವರ್ಷಗಳಲ್ಲಿ ಅದು ಸೋತು ಮುಚ್ಚಿತು. ಸ್ವಾತಂತ್ರ್ಯ ಬಂದ ಮರುವರ್ಷ, ಎಂದರೆ ೧೯೬೬ರಲ್ಲಿ, ತೈವಾನಿನ ಕೃಷಿತಜ್ಞರು ಬಂದರು. ೧೯೭೦ರ ದಶಕದಲ್ಲಿ ಮೊದಲು ವಿಶ್ವಬ್ಯಾಂಕಿನ ಯೋಜನೆ, ಬಳಿಕ ಚೀಣದ ತಜ್ಞರು. ಬಂದವರೆಲ್ಲ ಕಷ್ಟಪಟ್ಟು ದುಡಿದವರೇ, ತಮ್ಮ ವಿದ್ಯೆಯಲ್ಲಿ ನಿಪುಣರೇ. ಆದರೆ ಬಂದವರೆಲ್ಲ ಒಂದೇ ಬಾಗಿಲು ತಟ್ಟಿದರು. ಊರಿನ ಹಿರಿಯನನ್ನು ಕಂಡು, 'ನಿಮ್ಮಲ್ಲಿ ಭತ್ತ ಬೆಳೆಯುವವರು ಯಾರು? ಕರೆಸಿ, ಹೊಸ ರೀತಿ ಕಲಿಸುತ್ತೇವೆ' ಎಂದರೆ ಎದುರಿಗೆ ಬಂದು ನಿಂತವರು ಗಂಡಸರು. ತಲೆಮಾರುಗಳಿಂದ ಕಡಲೆಕಾಯಿ ಬೆಳೆದವರಿಗೆ ಭತ್ತದ ನಾಟಿ ಕಲಿಸಲಾಯಿತು. ತಲೆಮಾರುಗಳಿಂದ ಭತ್ತ ಬೆಳೆದವರು ಬದುವಿನ ಮೇಲೆ ನಿಂತು ನೋಡಿದರು. ಪಂಪು, ಗೊಬ್ಬರ, ಬೀಜ, ಸಾಲ ಎಲ್ಲವೂ ಗಂಡಸರ ಹೆಸರಿಗೆ. ನೆಲವನ್ನು ಸವರಿದವರದೇ ಹಕ್ಕೆಂಬ ಹಳೆಯ ಕಟ್ಟಳೆಯೇ ಈಗ ತಿರುಗಿ ನಿಂತಿತು: ಹೊಸ ನೀರಾವರಿ ನೆಲವನ್ನು ಹಸನು ಮಾಡಿದವರು ಗಂಡಸರೆಂದಾಗಿ, ನೆಲ ಅವರದಾಯಿತು.

೧೯೮೧ರಲ್ಲಿ ಜೆನ್ನಿ ಡೇ ಎಂಬ ಸಂಶೋಧಕಿ ಈ ಯೋಜನೆಗಳ ಲೆಕ್ಕವನ್ನು ಬಿಡಿಸಿಟ್ಟರು. ಭತ್ತದ ಒಡೆಯ ಗಂಡಸೇ ಎಂಬ ತಪ್ಪು ಎಣಿಕೆಯಿಂದ ಹೊರಟದ್ದರಿಂದ ಹೆಂಗಸರಿಗೆ ಅನ್ಯಾಯವಾಯಿತೆಂದು ಮಾತ್ರ ಆಕೆ ಹೇಳಲಿಲ್ಲ. ಯೋಜನೆಗೇ ನಷ್ಟವಾಯಿತೆಂದರು. ಬಲ್ಲವರ ಕೈ ಬಿಟ್ಟು ಅರಿಯದವರ ಕೈ ಹಿಡಿದರೆ ಇಳುವರಿ ಏರುವುದೆಂತು? ಹೆಂಗಸರು ತಮ್ಮ ಜೌಗಿನ ಗದ್ದೆಗೆ ಯಾವ ನೆರವೂ ಇಲ್ಲದೆ ಹಳೆಯ ರೀತಿಯಲ್ಲಿಯೇ ದುಡಿಯುತ್ತಿದ್ದರು. ಗಂಡನ ನೀರಾವರಿ ಗದ್ದೆಗೆ ನಾಟಿಗೂ ಕಳೆಗೂ ಕರೆದಾಗ ಸಂಬಳ ಕೇಳುತ್ತಿದ್ದರು, ಇಲ್ಲವೆ ತಮ್ಮ ಗದ್ದೆಯ ಕೆಲಸ ಮುಗಿಯದೆ ಬರುತ್ತಿರಲಿಲ್ಲ. ಅಧಿಕಾರಿಗಳ ವರದಿಯಲ್ಲಿ ಇದಕ್ಕೆ 'ಕೆಲಸಗಾರರ ಅಭಾವ' ಎಂದು ಹೆಸರು.

ಟೀಕೆಯ ಮಾತು ಕಿವಿಗೆ ಬಿತ್ತು. ೧೯೮೪ರಲ್ಲಿ ಕೆಲಸ ತೊಡಗಿದ ಜಹಾಲಿ-ಪಚ್ಚಾರ್ ಯೋಜನೆ ಹಿಂದಿನ ತಪ್ಪನ್ನು ತಿದ್ದುವ ಮಾತಾಡಿತು. ಅದು ಸಾಮಾನ್ಯ ಯೋಜನೆಯಲ್ಲ: ಸುಮಾರು ೧,೫೦೦ ಹೆಕ್ಟೇರ್ ನೆಲ, ಸುಮಾರು ೭೦ ಹಳ್ಳಿ, ಎರಡು ಸಾವಿರದಷ್ಟು ಮನೆತನ. ವಿಶ್ವಸಂಸ್ಥೆಯ ಕೃಷಿ ಅಭಿವೃದ್ಧಿ ನಿಧಿಯೇ ಮೊದಲಾದವುಗಳ ಹಣ. ಒಂದು ಭಾಗಕ್ಕೆ ಪಂಪಿನ ನೀರು, ಉಳಿದದ್ದಕ್ಕೆ ನದಿಯ ಉಬ್ಬರದ ನೀರು. ವರ್ಷಕ್ಕೆ ಎರಡು ಬೆಳೆಯ ಗುರಿ. ಯೋಜನೆಯವರು ಉತ್ತು, ಬೀಜ ಗೊಬ್ಬರ ಕೊಡುವುದು. ಬೆಳೆದವರು ಕುಯ್ಲಿನಲ್ಲಿ ಭತ್ತದ ರೂಪದಲ್ಲಿ ಸಾಲ ತೀರಿಸುವುದು. ಯೋಜನೆಗೆ ತೆಗೆದುಕೊಂಡ ನೆಲದಲ್ಲಿ ಹೆಂಗಸರ ಜೌಗುಗದ್ದೆಗಳು ಸೇರಿದ್ದವು. ಆದ್ದರಿಂದ ಹಂಚಿಕೆಯಲ್ಲಿ ಮೊದಲು ಗಂಡಸರ ಹೆಸರುಗಳು ಕಾಣಿಸಿಕೊಂಡಾಗ ಹೆಂಗಸರು ಪ್ರತಿಭಟಿಸಿದರು. ಹಣ ಕೊಟ್ಟವರೂ ಒತ್ತಾಯ ಮಾಡಿದರು. ಪಟ್ಟಿ ತಿದ್ದಲ್ಪಟ್ಟಿತು, ಗದ್ದೆಗಳು ಹೆಂಗಸರ ಹೆಸರಿಗೆ ದಾಖಲಾದುವು. ದಫ್ತರದ ಮಟ್ಟಿಗೆ ನ್ಯಾಯ ಗೆದ್ದಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮನೆಯ ಯಜಮಾನರು ದಫ್ತರದೊಡನೆ ಜಗಳವಾಡಲಿಲ್ಲ. ಅದರ ಅಗತ್ಯವೇ ಅವರಿಗಿರಲಿಲ್ಲ. 'ಹೆಸರು ಯಾರದಾದರೂ ಇರಲಿ, ಈ ಗದ್ದೆ ಮನೆಯ ಊಟಕ್ಕೆ. ಆದ್ದರಿಂದ ಇದು ಮರುವೊ' ಎಂಬುದು ಅವರ ನಿಲುವು. ಒಂದೇ ಒಂದು ಪದ. ಆ ಪದ ಬಿದ್ದಕೂಡಲೆ ಹೆಂಡತಿಯ ಹೆಸರಿನ ಗದ್ದೆಯ ಬೆಳೆ ಗಂಡನ ಅಧಿಕಾರಕ್ಕೆ ಬಂತು. ಅವಳ ದುಡಿಮೆ ಸಂಬಳವಿಲ್ಲದ ಕರ್ತವ್ಯವಾಯಿತು. ಅವಳ ಹಳೆಯ ಕಮನ್ಯಾಂಗೊ ಆಗಲೇ ಯೋಜನೆಯ ಕಾಲುವೆಗಳ ನಡುವೆ ಕರಗಿಹೋಗಿತ್ತು. ನೆಲ ಕಳೆದುಕೊಳ್ಳದೆಯೇ ನೆಲ ಕಳೆದುಕೊಂಡಂತಾಯಿತು ಅವಳ ಸ್ಥಿತಿ.

ಅಮೆರಿಕದ ಭೂಗೋಳಶಾಸ್ತ್ರಜ್ಞೆ ಜುಡಿತ್ ಕಾರ್ನಿ ೧೯೮೦ರ ದಶಕದಲ್ಲಿ ಅಲ್ಲಿಯೇ ಇದ್ದು ಈ ವಿವಾದವನ್ನು ಬರೆದಿಟ್ಟರು. ಅವರ ಬರಹದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹೆಂಗಸರ ತರ್ಕ. ಅವರು ಆಚಾರವನ್ನು ಧಿಕ್ಕರಿಸಲಿಲ್ಲ. ಅದನ್ನೇ ಹಿಡಿದು ವಾದಿಸಿದರು. ಮರುವೊದಲ್ಲಿ ದುಡಿಯುವುದು ನಮ್ಮ ಕಟ್ಟಳೆ ನಿಜ. ಆದರೆ ಆ ಕಟ್ಟಳೆ ಹುಟ್ಟಿದ್ದು ವರ್ಷಕ್ಕೊಂದೇ ಬೆಳೆ ಇದ್ದಾಗ, ಒಂದು ಮಳೆಗಾಲದ ದುಡಿಮೆಗೆ. ಪಂಪು ಬಂದು ಬೇಸಗೆಯಲ್ಲಿಯೂ ಬೆಳೆ ಎಂದಾಗ ಆ ಎರಡನೆಯ ಬೆಳೆಯ ದುಡಿಮೆಯನ್ನು ಯಾವ ಹಿರಿಯರು ಎಂದು ವಿಧಿಸಿದ್ದರು? ಅಲ್ಲದೆ ಮರುವೊದ ದುಡಿಮೆಗೆ ಪ್ರತಿಯಾಗಿ ಕಮನ್ಯಾಂಗೊ ಕೊಡುವುದೂ ಕಟ್ಟಳೆಯೇ ಅಲ್ಲವೆ? ಅದೆಲ್ಲಿ? ಯಾವ ನ್ಯಾಯಾಲಯದ ವಕೀಲನೂ ಇದಕ್ಕಿಂತ ಚೆನ್ನಾಗಿ ವಾದಿಸಲಾರನು.

ವಾದದ ತೀರ್ಪು ಮನೆಮನೆಗೂ ಬೇರೆಬೇರೆಯಾಯಿತು. ಕೆಲವು ಮನೆಗಳಲ್ಲಿ ಹೆಂಗಸರಿಗೆ ಸ್ವಂತಕ್ಕೆಂದು ಬೇರೆ ತುಂಡುನೆಲ ಬಿಟ್ಟುಕೊಟ್ಟರು. ಕೆಲವು ಮನೆಗಳಲ್ಲಿ ಬೆಳೆಯ ಒಂದು ಪಾಲನ್ನು ಭತ್ತವಾಗಿಯೇ ಕೊಡಲು ಒಪ್ಪಿದರು. ಎರಡೂ ಆಗದ ಕಡೆ ಹೆಂಗಸರು ಗದ್ದೆಯಿಂದ ಕೈ ತೆಗೆದರು. ಹತ್ತಾರು ಮಂದಿ ಗುಂಪು ಕಟ್ಟಿಕೊಂಡು ಇತರರ ಗದ್ದೆಗೆ ಕೂಲಿಗೆ ಹೋದರು. ತನ್ನ ಹೆಸರಿನಲ್ಲಿಯೇ ದಾಖಲಾದ ಗದ್ದೆಯನ್ನು ಬಿಟ್ಟು ಪರರ ಗದ್ದೆಗೆ ಕೂಲಿಗೆ ಹೋಗುವ ಹೆಂಗಸನ್ನು ನೋಡಿ ಹೊರಗಿನವರಿಗೆ ಆಶ್ಚರ್ಯವಾಗಿರಬಹುದು. ಅವಳಿಗೆ ಆಶ್ಚರ್ಯವೇನಿಲ್ಲ, ಅಲ್ಲಿ ಸಂಜೆಗೆ ಕೈಗೆ ಕಾಸು ಬೀಳುತ್ತದೆ, ಇಲ್ಲಿ ಬೀಳುವುದಿಲ್ಲ. ವರ್ಷಕ್ಕೆ ಎರಡು ಬೆಳೆಯೆಂಬ ತಜ್ಞರ ಲೆಕ್ಕ ಕಾಗದದಲ್ಲಿ ಕೂಡಿದಂತೆ ಗದ್ದೆಯಲ್ಲಿ ಕೂಡಲಿಲ್ಲ.

ನದಿಯ ಉತ್ತರದ ದಡದಲ್ಲಿ, ಕೆರೆವಾನ್ ಎಂಬ ಊರಿನ ಸುತ್ತ, ಇದೇ ಕಥೆ ಇನ್ನೊಂದು ವೇಷದಲ್ಲಿ ನಡೆಯಿತು. ಮಳೆ ಕಡಿಮೆಯಾಗಿ ಕಡಲೆಕಾಯಿ ಕೈಕೊಟ್ಟ ವರ್ಷಗಳಲ್ಲಿ ಹೆಂಗಸರು ಬಾವಿ ತೋಡಿ ತರಕಾರಿ ತೋಟ ಎಬ್ಬಿಸಿದರು. ಸಂಸಾರಗಳು ಅದರಿಂದ ನಿಂತವು. ಆಗ ಪರಿಸರ ರಕ್ಷಣೆಯ ಹೆಸರಿನಲ್ಲಿ ತೋಟಗಳಲ್ಲಿ ಮರ ನೆಡುವ ಉತ್ತೇಜನ ಬಂತು. ನೆಲದ ಒಡೆಯರಾದ ಗಂಡಸರು ಮಾವು ಮೊದಲಾದ ಗಿಡ ನೆಟ್ಟರು. ಗಿಡಗಳಿಗೆ ನೀರು ಹೊಯ್ದವರು ಹೆಂಗಸರು. ಗಿಡ ಮರವಾಗಿ ನೆರಳು ಕವಿದಾಗ ತರಕಾರಿ ಸೊರಗಿತು. ಮರ ಗಂಡಸಿನದು, ನೆರಳು ಹೆಂಗಸಿನ ಪಾಲಿಗೆ. ರಿಚರ್ಡ್ ಶ್ರೋಡರ್ ಎಂಬ ವಿದ್ವಾಂಸರು ೧೯೯೯ರಲ್ಲಿ ಇದನ್ನು ಕುರಿತು ಪುಸ್ತಕವನ್ನೇ ಬರೆದರು. ಮರ ನೆಡುವುದು ಒಳ್ಳೆಯ ಕೆಲಸವಲ್ಲವೆ ಎಂದು ಕೇಳಿದರೆ ಹೌದೆನ್ನಲೇಬೇಕು. ಯಾರ ಪಾತಿಯ ಮೇಲೆ ನೆಟ್ಟಿರಿ ಎಂಬುದು ಅದರ ಮುಂದಿನ ಪ್ರಶ್ನೆ.

ನೆಲ, ನೀರುಗಳ ಮಾತಾಯಿತು. ಬೀಜದಲ್ಲಾದರೂ ಹೆಣ್ಣುಗಂಡೆಂಬ ಪಕ್ಷಪಾತವಿರಲಾರದು, ವಿಜ್ಞಾನಿಗೆ ಸಸ್ಯ ಸಸ್ಯವೇ ಎಂದು ವಾಚಕರು ಹೇಳಬಹುದು. ನೋಡೋಣ. ೧೯೬೬ರಲ್ಲಿ ಫಿಲಿಪೀನ್ಸಿನ ಸಂಶೋಧನಾ ಸಂಸ್ಥೆಯಿಂದ ಹೊರಬಿದ್ದ ಐಆರ್-೮ ಎಂಬ ಗಿಡ್ಡ ಭತ್ತ ಏಷ್ಯದ ಹಸಿವನ್ನು ನೀಗಿದ ತಳಿಗಳಲ್ಲಿ ಅಗ್ರಗಣ್ಯವಾದುದು. ಗೊಬ್ಬರ ಹೆಚ್ಚು ಹಾಕಿದರೆ ಎತ್ತರದ ಪೈರು ತೆನೆಯ ಭಾರಕ್ಕೆ ಮಲಗುತ್ತದೆ. ಗಿಡ್ಡ ಪೈರು ನಿಲ್ಲುತ್ತದೆ. ಆದ್ದರಿಂದ ಲೋಕದ ಭತ್ತದ ವಿಜ್ಞಾನಿಗಳೆಲ್ಲ ಗಿಡ್ಡ ತಳಿಯ ಬೆನ್ನು ಹತ್ತಿದರು. ಲೆಕ್ಕ ಸರಿಯೇ. ಆದರೆ ಪಶ್ಚಿಮ ಆಫ್ರಿಕದ ಎಷ್ಟೋ ಕಡೆ ಹೆಂಗಸರು ಕುಡುಗೋಲಿನಿಂದ ಬುಡ ಹಿಡಿದು ಕುಯ್ಯುವುದಿಲ್ಲ. ಸಣ್ಣ ಚಾಕುವಿನಿಂದ ಒಂದೊಂದೇ ತೆನೆಯನ್ನು ಕೊಯ್ಯುತ್ತಾರೆ. ಎಷ್ಟೋ ವೇಳೆ ಬೆನ್ನಿಗೆ ಕೂಸು ಕಟ್ಟಿಕೊಂಡಿರುತ್ತಾರೆ. ಅವರಿಗೆ ಸೊಂಟದೆತ್ತರದ ಪೈರು ಬೇಕು. ಗಿಡ್ಡ ಪೈರಾದರೆ ಕೂಸು ಹೊತ್ತು ದಿನವಿಡೀ ಬಗ್ಗಿರಬೇಕು. ಸಂಶೋಧನಾ ಕೇಂದ್ರದ ದಾಖಲೆಯಲ್ಲಿ ಹೆಕ್ಟೇರಿಗೆ ಎಷ್ಟು ಟನ್ ಎಂಬುದಕ್ಕೆ ಕಲಮು ಉಂಟು. ಎಷ್ಟು ಬೆನ್ನು ನೋವು ಎಂಬುದಕ್ಕೆ ಕಲಮಿಲ್ಲ.

ಕಳೆಯ ಮಾತೂ ಹಾಗೆಯೇ. ಆಫ್ರಿಕದ ಹಳೆಯ ಭತ್ತದ ಎಲೆಗಳು ಎಳೆಯದರಲ್ಲಿ ಅಗಲವಾಗಿ ಹರಡಿ ಬಾಗಿ ನೆಲ ಮುಚ್ಚುತ್ತವೆ, ಕಳೆ ತಲೆಯೆತ್ತುವುದಿಲ್ಲ. ಹೊಸ ತಳಿಯ ನೇರ ಎಲೆಗಳು ಬಿಸಿಲನ್ನು ಚೆನ್ನಾಗಿ ಹೀರುತ್ತವೆ, ಆದರೆ ನಡುವೆ ಕಳೆಗೂ ಬಿಸಿಲು ಬಿಡುತ್ತವೆ. ಕಳೆ ಕೀಳುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಇಳುವರಿ ಕಡಿಮೆಯೆಂದು ವಿಜ್ಞಾನ ಬದಿಗಿಟ್ಟ ಹಳೆಯ ತಳಿಯಲ್ಲಿ ಹೆಂಗಸರು ಕಂಡ ಗುಣ ಇದು. ೧೯೯೦ರ ದಶಕದಲ್ಲಿ ಪಶ್ಚಿಮ ಆಫ್ರಿಕದ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಸಿಯೆರ ಲಿಯೋನಿನ ಮಾಂಟಿ ಜೋನ್ಸ್ ಮತ್ತು ಸಂಗಡಿಗರು ಆಫ್ರಿಕದ ಭತ್ತವನ್ನೂ ಏಷ್ಯದ ಭತ್ತವನ್ನೂ ಕೂಡಿಸಿ ನೆರಿಕ ಎಂಬ ಹೊಸ ತಳಿಗಳನ್ನು ಪಡೆದರು. ೨೦೦೪ರಲ್ಲಿ ಜೋನ್ಸ್ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಆ ಕೂಡಿಕೆಯಷ್ಟೇ ಮುಖ್ಯವಾದುದು ಇನ್ನೊಂದುಂಟು. ಯಾವ ತಳಿ ಒಳ್ಳೆಯದೆಂದು ತೀರ್ಮಾನಿಸುವ ಮೊದಲು ಹಳ್ಳಿಯ ಪ್ರಯೋಗದ ಮಡಿಗಳಿಗೆ ಹೆಂಗಸರನ್ನೂ ಗಂಡಸರನ್ನೂ ಕರೆದು ಆರಿಸಿರೆಂದು ಕೇಳತೊಡಗಿದರು. ಪೈರಿನ ಎತ್ತರ, ಕುಟ್ಟುವ ಸುಲಭ, ಅನ್ನದ ರುಚಿ ಇವೆಲ್ಲ ಆಗ ಸಂಶೋಧನೆಯ ಪ್ರಶ್ನೆಗಳಾದುವು. ಕೇಳದೆ ಇದ್ದಾಗ ಇವು ಪ್ರಶ್ನೆಗಳೇ ಆಗಿರಲಿಲ್ಲ.

ಭತ್ತದಲ್ಲಿ ಅವರು ಮಾಡಿದ ಕೂಡಿಕೆ ಕನ್ನಡನಾಡಿಗೆ ಹೊಸದಲ್ಲ. ಮಂಡ್ಯದಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ನಂಟು ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಅದಕ್ಕೂ ಮುಂಚೆ. ರಾಗಿಯ ತವರೇ ಪೂರ್ವ ಆಫ್ರಿಕದ ಎತ್ತರದ ನೆಲ. ಆಫ್ರಿಕದ ಬೀಜ ನಮ್ಮ ಹಿಟ್ಟಿನ ಮಡಕೆ ತುಂಬಿತು. ಆಫ್ರಿಕದ ಈ ಅನುಭವವನ್ನೂ ಬೀಜದಂತೆಯೇ ನಾವು ತಂದುಕೊಳ್ಳಬಹುದಲ್ಲವೆ?

ನಮ್ಮ ಮನೆಯ ಲೆಕ್ಕ ಹೀಗಿದೆ. ಭಾರತದ ಹಳ್ಳಿಗಳಲ್ಲಿ ದುಡಿಮೆಯಲ್ಲಿರುವ ಹೆಂಗಸರಲ್ಲಿ ನಾಲ್ವರಿಗೆ ಮೂವರು ಬೇಸಾಯದಲ್ಲಿದ್ದಾರೆ. ೨೦೧೫-೧೬ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ನೂರಕ್ಕೆ ಸುಮಾರು ೧೪. ಕಾನೂನು ಸುಮ್ಮನಿದೆಯೆನ್ನಲಾಗದು. ಹಿಂದೂ ಹೆಂಗಸರ ಆಸ್ತಿಹಕ್ಕಿಗೆ ಮೈಸೂರು ಸಂಸ್ಥಾನ ೧೯೩೩ರಲ್ಲಿಯೇ ಕಾನೂನು ತಂದಿತ್ತು. ಕರ್ನಾಟಕ ೧೯೯೪ರಲ್ಲಿ, ಇಡೀ ದೇಶ ೨೦೦೫ರಲ್ಲಿ, ಮಗಳಿಗೆ ಮಗನ ಸಮಾನವಾದ ಪಾಲನ್ನು ಪಿತ್ರಾರ್ಜಿತದಲ್ಲಿ ಕೊಟ್ಟವು. ಸಂಶೋಧನೆಯೂ ಪೂರಾ ಕಣ್ಣು ಮುಚ್ಚಿಲ್ಲ: ಬೇಸಾಯದ ಹೆಂಗಸರಿಗಾಗಿಯೇ ೧೯೯೬ರಲ್ಲಿ ಭುವನೇಶ್ವರದಲ್ಲಿ ರಾಷ್ಟ್ರೀಯ ಕೇಂದ್ರವೊಂದು ಹುಟ್ಟಿತು. ವಿಶ್ವಸಂಸ್ಥೆ ೨೦೨೬ನ್ನು ರೈತ ಮಹಿಳೆಯರ ವರ್ಷವೆಂದು ಸಾರಿತು. ಇಷ್ಟಾದರೂ ಹಳ್ಳಿಗೆ ಬಂದ ಅಧಿಕಾರಿ 'ರೈತರನ್ನು ಕರೆಯಿರಿ' ಎಂದರೆ ಜಗಲಿಗೆ ಬರುವವರು ಯಾರು, ಒಳಗೆ ಕಾಫಿ ಕಾಯಿಸುವವರು ಯಾರು ಎಂಬುದನ್ನು ಓದುಗರೇ ಬಲ್ಲರು.

ಪಹಣಿಯಲ್ಲಿ ಅವಳ ಹೆಸರು ಬರೆಸಿದರೆ ಎಲ್ಲ ಮುಗಿಯಿತೆಂದು ನಂಬುವ ಸಜ್ಜನರು ನಮ್ಮಲ್ಲಿದ್ದಾರೆ. ಹೆಸರು ಬರಲೇಬೇಕು, ಹೆಸರಿಲ್ಲದವಳಿಗೆ ಬ್ಯಾಂಕಿನ ಸಾಲವೂ ಬೆಳೆಹಾನಿಯ ಪರಿಹಾರವೂ ಸುಲಭವಾಗಿ ಸಿಗುವುದಿಲ್ಲ. ಆದರೆ ಜಹಾಲಿಯ ಹೆಂಗಸರ ಹೆಸರೂ ದಫ್ತರದಲ್ಲಿತ್ತು. ಬೆಳೆ ಅವರ ಕೈಗೆ ಬರಲಿಲ್ಲ; ಏಕೆಂದರೆ ಆ ಗದ್ದೆಯನ್ನು ಏನೆಂದು ಕರೆಯಬೇಕೆಂಬುದು ಮನೆಯೊಳಗೆ ಬೇರೆಯವರ ಬಾಯಲ್ಲಿತ್ತು. ನಮ್ಮಲ್ಲಿಯೂ 'ಮನೆಯ ಕೆಲಸ', 'ಕೈನೆರವು', 'ಯಜಮಾನರಿಗೆ ಸಹಾಯ' ಎಂಬ ಮಾತುಗಳಿವೆ. ಅವು ನಮ್ಮ ಮರುವೊಗಳು. ಬೆಳಗಿನಿಂದ ಬೈಗಿನವರೆಗೆ ಹೊಲದಲ್ಲಿ ಬಗ್ಗಿ ಬಂದವಳನ್ನು 'ನೀನೇನು ಕೆಲಸ ಮಾಡುತ್ತೀಯಮ್ಮ?' ಎಂದು ಗಣತಿಯವರು ಕೇಳಿದರೆ 'ಏನೂ ಇಲ್ಲ, ಮನೆಯಲ್ಲಿದ್ದೇನೆ' ಎಂಬ ಉತ್ತರ ಅವಳಿಂದಲೇ ಬರುವುದುಂಟು.

ಕಾನೂನು ಮಾಡುವವರು ಪಹಣಿಯನ್ನು ನೋಡಿಕೊಳ್ಳಲಿ. ವಿಜ್ಞಾನಿಗಳು ಪೈರಿನ ಎತ್ತರವನ್ನು ನೋಡಿಕೊಳ್ಳಲಿ. ಮಾತಿನ ಕಸುಬಿನವರಿಗೂ ಪತ್ರಿಕೆ ಓದುವವರಿಗೂ ಒಂದು ಸಣ್ಣ ಕೆಲಸ ಉಳಿದಿದೆ. ಹೊಲ ಯಾರ ಹೆಸರಿನಲ್ಲಿದೆ ಎಂದು ಕೇಳುವಾಗಲೇ, ಕಣದಿಂದ ಹೊರಟ ಚೀಲ ಯಾರ ಮಾತಿನಂತೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳುವುದು. ಆ ಎರಡು ಪ್ರಶ್ನೆಗೂ ಒಂದೇ ಉತ್ತರ ಬಂದ ದಿನ ಅವಳನ್ನು ಉಳುವವಳೆನ್ನಲು ನೇಗಿಲು ಮುಟ್ಟಿದಳೆ ಇಲ್ಲವೆ ಎಂದು ವಿಚಾರಿಸಬೇಕಾದುದಿಲ್ಲ.